ಗೇಮ್‌ಗೆ ಬ್ರೇಕ್ ಹಾಕುವುದು ಹೇಗೆ? ಗಡಿಯಾರ ಬಿಡಿ, ಮ್ಯಾಚ್ ಎಣಿಸಿ

"ಲಾಸ್ಟ್ ಮ್ಯಾಚ್ ಗುರು, ಇದಾದ್ಮೇಲೆ ಮಲಗೋಣ." ರಾತ್ರಿ ನಾಲ್ವರ ಸ್ಕ್ವಾಡ್ ಕಟ್ಟಿಕೊಂಡು ಆಡುವ ಎಲ್ಲರೂ ಈ ಮಾತು ಹೇಳಿರುತ್ತಾರೆ. ಹೇಳುವಾಗ ಯಾರ ಮನಸ್ಸಿನಲ್ಲೂ ಸುಳ್ಳು ಇರುವುದಿಲ್ಲ. ನಿಜವಾಗಿಯೂ ಮಲಗಬೇಕು ಅಂತಲೇ ಇರುತ್ತದೆ. ಆದರೆ ಲಾಬಿಗೆ, ಅಂದರೆ ಮುಂದಿನ ಮ್ಯಾಚ್ ಶುರು ಮಾಡುವ ಪರದೆಗೆ, ವಾಪಸ್ ಬಂದ ಕೂಡಲೇ ಯಾರೋ ಒಬ್ಬ ಸ್ಟಾರ್ಟ್ ಒತ್ತಿರುತ್ತಾನೆ. ನೋಡುವಷ್ಟರಲ್ಲಿ ಮತ್ತೆ ಎರಂಗೆಲ್ ಮ್ಯಾಪ್ ಮೇಲೆ ವಿಮಾನ ಹಾರುತ್ತಿರುತ್ತದೆ.

ನನಗೆ ಗೇಮ್ ಅಂದರೆ ತುಂಬ ಇಷ್ಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬ್ರೇಕ್ ತೆಗೆದುಕೊಳ್ಳಲು ಗೊತ್ತಿರುವವರು ವರ್ಷಗಟ್ಟಲೆ ಖುಷಿಯಾಗಿ ಆಡುತ್ತಾರೆ. ಗೊತ್ತಿಲ್ಲದವರು ಒಂದು ದಿನ ಸಿಟ್ಟಿನಲ್ಲಿ ಎಲ್ಲ ಡಿಲೀಟ್ ಮಾಡಿ, ವಾರ ಕಳೆಯುವುದರೊಳಗೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಇಲ್ಲಿ ಹೆಚ್ಚಾಗಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಕೊನೆಯವರೆಗೆ ಉಳಿದವರು ಗೆಲ್ಲುವ ಶೂಟಿಂಗ್ ಗೇಮ್) ಉದಾಹರಣೆಯನ್ನೇ ಕೊಡುತ್ತೇನೆ. ಆಡದವರಿಗೂ ಅದರ ಹೆಸರು ಗೊತ್ತಿರುತ್ತದೆ, ಅಲ್ವಾ? ಬೇರೆ ಗೇಮ್ ಆಡುವವರಿಗೂ ಇದೇ ಲೆಕ್ಕ ಹೊಂದುತ್ತದೆ.

ನಿಲ್ಲಿಸುವುದು ಯಾಕೆ ಇಷ್ಟು ಕಷ್ಟ

ಇದು ಅರ್ಥವಾಗದೆ ಟೈಮರ್ ಇಟ್ಟರೆ ಏನೂ ಪ್ರಯೋಜನ ಇಲ್ಲ.

ಒಂದು ಕ್ಲಾಸಿಕ್ ಮ್ಯಾಚ್‌ನಲ್ಲಿ ನೂರು ಜನ ಇಳಿಯುತ್ತಾರೆ. ಚಿಕನ್ ಡಿನ್ನರ್, ಅಂದರೆ ಗೆಲುವು, ಸಿಗುವುದು ಒಂದು ಸ್ಕ್ವಾಡ್‌ಗೆ ಮಾತ್ರ. ಅದು ಈ ಸಲ ಸಿಗುತ್ತದೋ ಮುಂದಿನ ಸಲವೋ ಯಾರಿಗೂ ಗೊತ್ತಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಬಹುಮಾನ ಯಾವಾಗ ಬರುತ್ತದೆ ಅಂತ ತಿಳಿಯದಿದ್ದಾಗಲೇ ಅವು ಬಿಡದೆ ಪ್ರಯತ್ನಿಸುತ್ತಿದ್ದವು. ಸೋತಾಗ ಇನ್ನೊಂದು ಮ್ಯಾಚ್ ಬೇಕು ಅನಿಸುವುದಕ್ಕೂ ಗೆದ್ದಾಗ ಇನ್ನೊಂದು ಬೇಕು ಅನಿಸುವುದಕ್ಕೂ ಮೂಲ ಒಂದೇ.

ಇದರ ಮೇಲೆ ದಿನದ ಲಾಗಿನ್ ಬಹುಮಾನ, ವಾರದ ಮಿಷನ್, ದುಡ್ಡು ಕೊಟ್ಟು ಕೊಳ್ಳುವ, ಇಷ್ಟು ದಿನದಲ್ಲಿ ಮುಗಿಯುವ ಬಹುಮಾನದ ಪಾಸ್. ಇವು ಆಟದ ಖುಷಿ ಹೆಚ್ಚಿಸುವುದಕ್ಕಿಂತ ಬರದಿದ್ದರೆ ಏನೋ ಕಳೆದುಹೋಯಿತು ಅನಿಸುವಂತೆ ಮಾಡುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ಎಳೆತ ಮಾತ್ರ ಜನರದ್ದು. ಮೂವರು ಕಾಯುತ್ತಿರುವಾಗ ಎದ್ದು ಹೋಗುವುದು ಯಾರಿಗೂ ಸುಲಭವಲ್ಲ.

ಬ್ರೇಕ್ ಬಗ್ಗೆ ಗೇಮ್ ಮಾಡುವವರೂ ತಲೆ ಕೆಡಿಸಿಕೊಂಡಿದ್ದಾರೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ, ಜಾಸ್ತಿ ಹೊತ್ತು ಆಡಿದವರಿಗೆ ಸಿಗುವ ಪಾಯಿಂಟ್ ಕಡಿಮೆ ಮಾಡುವ ವ್ಯವಸ್ಥೆ ಇತ್ತು. ಆಟಗಾರರು ರೇಗಿದರು. ಆಗ ತಯಾರಕರು ಅದನ್ನು ತಿರುಗಿಸಿ ಹೇಳಿದರು: ವಿಶ್ರಾಂತಿ ತೆಗೆದುಕೊಂಡು ಬಂದವರಿಗೆ ಬೋನಸ್ ಪಾಯಿಂಟ್. ಒಳಗಿನ ಲೆಕ್ಕ ಹೆಚ್ಚುಕಮ್ಮಿ ಹಾಗೆಯೇ ಇತ್ತು. ಜನ ಖುಷಿಯಾಗಿ ಒಪ್ಪಿಕೊಂಡರು. ನಮ್ಮ ಮೇಲೂ ಇದೇ ಉಪಾಯ ಕೆಲಸ ಮಾಡುತ್ತದೆ. "ಇನ್ನು ಆಡಬಾರದು" ಅಂತ ಹೇಳಿಕೊಂಡರೆ ಮನಸ್ಸು ಜಗಳಕ್ಕೆ ನಿಲ್ಲುತ್ತದೆ. "ಹತ್ತು ನಿಮಿಷ ಬಿಟ್ಟು ಫ್ರೆಶ್ ಆಗಿ ಬಂದು ಆಡ್ತೀನಿ" ಅಂದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ.

ಹಂತ 1: ಒಂದು ವಾರ ಸುಮ್ನೆ ನೋಡಿ

ಮೊದಲ ವಾರ ಏನೂ ಬದಲಿಸಬೇಡಿ. ಎಷ್ಟು ಆಡುತ್ತೀರಿ ಅಂತ ನೋಡಿ, ಅಷ್ಟೇ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್. ಎರಡರಲ್ಲೂ ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದು ದಿನದ ಲೆಕ್ಕದಲ್ಲಿ ಸಿಗುತ್ತದೆ.

ಅಂಕಿ ಜೊತೆಗೆ ಇನ್ನೊಂದು ವಿಷಯ ಬರೆದಿಡಿ: ಆಟ ಮುಗಿಸಿದಾಗ ಹೇಗನಿಸಿತು? ಮಜಾ ಬಂತು, ತಲೆ ಬಿಸಿಯಾಯಿತು, ಬೇಜಾರಿಗೆ ಆಡಿದೆ, ಹೀಗೆ ಎರಡೇ ಪದ ಸಾಕು. ವಾರದ ಕೊನೆಗೆ ನೋಡಿದರೆ ಮಜಾ ಬಂದ ಮ್ಯಾಚ್‌ಗಳು ಹೆಚ್ಚಾಗಿ ಶುರುವಿನಲ್ಲೇ ಇರುತ್ತವೆ. ಯಾವ ಮ್ಯಾಚ್ ನಂತರ ಖುಷಿ ಇಳಿಯುತ್ತದೆ ಅನ್ನುವುದೇ ನಿಮಗೆ ಬೇಕಾದ ಸಂಖ್ಯೆ. ಅದು ಒಬ್ಬೊಬ್ಬರಿಗೆ ಒಂದೊಂದು.

ಹಂತ 2: ನಿಮಿಷ ಬಿಟ್ಟು ಮ್ಯಾಚ್ ಲೆಕ್ಕ ಹಾಕಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. "ಒಂದು ಗಂಟೆ ಆಡ್ತೀನಿ" ಅನ್ನುವುದು ಆನ್‌ಲೈನ್ ಗೇಮ್‌ನಲ್ಲಿ ನಡೆಯುವುದಿಲ್ಲ. ಅಲಾರಂ ಹೊಡೆಯುವ ಹೊತ್ತಿಗೆ ನೀವು ಕೊನೆಯ ಝೋನ್‌ನಲ್ಲಿ ಇರುತ್ತೀರಿ, ಗೆಳೆಯ ನಾಕ್ ಆಗಿ ರಿವೈವ್‌ಗೆ (ಮತ್ತೆ ಎಬ್ಬಿಸಲು) ಕೂಗುತ್ತಿರುತ್ತಾನೆ. ಆಗ ಅಲಾರಂ ಆಫ್ ಮಾಡುತ್ತೀರಿ. ಎರಡು ದಿನ ಹೀಗಾದರೆ ಅಲಾರಂಗೆ ಬೆಲೆಯೇ ಇರುವುದಿಲ್ಲ. ಓಡುತ್ತಿರುವ ಬಸ್ಸಿನಿಂದ ಇಳಿಯಲು ಹೋಗಬೇಡಿ, ಸ್ಟಾಪ್ ಬಂದಾಗ ಇಳಿಯಿರಿ. ಗೇಮ್‌ನಲ್ಲಿ ಸ್ಟಾಪ್ ಅಂದರೆ ಮ್ಯಾಚ್ ಮುಗಿದು ಲಾಬಿಗೆ ಬರುವ ಗಳಿಗೆ.

ಎರಂಗೆಲ್‌ನಲ್ಲಿ ಕೊನೆಯವರೆಗೂ ಬದುಕಿದರೆ ಒಂದು ಕ್ಲಾಸಿಕ್ ಮ್ಯಾಚ್ ಸುಮಾರು ಅರ್ಧ ಗಂಟೆ. ಹಾಗಾಗಿ ಎರಡು ಮ್ಯಾಚ್‌ಗೆ ಒಂದು ಬ್ರೇಕ್ ಇಡಿ. ಟಿಡಿಎಂ (ಟೀಮ್ ಡೆತ್‌ಮ್ಯಾಚ್, ಎರಡು ತಂಡಗಳ ಚಿಕ್ಕ ಕಾಳಗ) ಬೇಗ ಮುಗಿಯುತ್ತದೆ, ಅದಕ್ಕೆ ಐದರ ಲೆಕ್ಕ ಇಟ್ಟುಕೊಳ್ಳಬಹುದು. ಚೆಸ್ ಆಡುವವರು "ಗೆದ್ದ ಮೇಲೆ ನಿಲ್ಲಿಸ್ತೀನಿ" ಅನ್ನದೆ "ಮೂರು ಆಟ" ಅನ್ನಿ. ಮೈನ್‌ಕ್ರಾಫ್ಟ್‌ನಲ್ಲಿ ಮ್ಯಾಚ್ ಅನ್ನುವುದೇ ಇಲ್ಲ. ಆದರೆ ಅಲ್ಲಿನ ಒಂದು ಹಗಲು ರಾತ್ರಿ ಸೇರಿ ನಮ್ಮ 20 ನಿಮಿಷ. ಅಲ್ಲಿ ಮೂರನೇ ಸಲ ಕತ್ತಲಾದಾಗ ಹಾಸಿಗೆ ಮೇಲೆ ಮಲಗಿಸಿ ಹೊರಗೆ ಬನ್ನಿ, ಮಕ್ಕಳಿಗೂ ಇದು ಅರ್ಥವಾಗುತ್ತದೆ. ಕತೆ ಇರುವ ಗೇಮ್‌ನಲ್ಲಿ ಸೇವ್ ಪಾಯಿಂಟ್ ನೋಡಿಕೊಳ್ಳಿ.

ಒಂದು ತಕರಾರು ಖಂಡಿತ ಬರುತ್ತದೆ. ಎಲ್ಲರೂ ಮುಗಿಬೀಳುವ ಪೋಚಿಂಕಿ ಊರಿನಲ್ಲಿ ಇಳಿದು ಎರಡೇ ನಿಮಿಷಕ್ಕೆ ಸತ್ತರೆ ಅದೂ ಒಂದು ಮ್ಯಾಚ್ ಅಂತ ಲೆಕ್ಕವಾ? ಹೌದು, ಲೆಕ್ಕ. ಇಲ್ಲಿ ರಿಯಾಯಿತಿ ಕೊಟ್ಟರೆ ರಾತ್ರಿಯೆಲ್ಲ "ಇದು ಲೆಕ್ಕಕ್ಕಿಲ್ಲ" ಅಂತಲೇ ಆಡುತ್ತಿರುತ್ತೀರಿ. ಬೇಗ ಸತ್ತಾಗಲೇ ತಲೆ ಜಾಸ್ತಿ ಬಿಸಿ ಇರುತ್ತದೆ, ಬ್ರೇಕ್ ಹೆಚ್ಚು ಬೇಕಾಗಿರುವುದೂ ಆಗಲೇ.

ಫುಲ್ ಸ್ಕ್ರೀನ್ ಗೇಮ್ ತೆರೆದರೆ ಫೋನಿನ ಮೇಲಿನ ಪಟ್ಟಿ ಮಾಯವಾಗುತ್ತದೆ, ಜೊತೆಗೆ ಗಡಿಯಾರವೂ. ಆದ್ದರಿಂದ ಎಣಿಕೆ ಫೋನಿನ ಹೊರಗೆ ಇರಲಿ. ಟೇಬಲ್ ಮೇಲೆ ಒಂದು ಚೀಟಿ, ಒಂದು ಪೆನ್ನು. ಮ್ಯಾಚ್ ಮುಗಿದಾಗ ಒಂದು ಗೆರೆ ಎಳೆಯಿರಿ.

ಹಂತ 3: ಲಾಬಿಯ ಆ ಕೆಲವು ಸೆಕೆಂಡು

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡೋಣ. ಮ್ಯಾಚ್ ಮುಗಿಯುತ್ತದೆ. ಸ್ಕೋರ್ ಪರದೆ ಬರುತ್ತದೆ: ಎಷ್ಟು ಕಿಲ್, ಎಷ್ಟು ಡ್ಯಾಮೇಜ್, ರ‍್ಯಾಂಕ್ ಏರಿತೋ ಇಳಿಯಿತೋ. ಹೆಬ್ಬೆರಳು ನೋಡದೆಯೇ ಮುಂದಕ್ಕೆ ಒತ್ತುತ್ತಾ ಹೋಗುತ್ತದೆ. ಲಾಬಿ ಬಂತು. ಮೂಲೆಯಲ್ಲಿ ಹಳದಿ ಬಟನ್. ನೀವು ಲೀಡರ್ ಅಲ್ಲದಿದ್ದರೆ ರೆಡಿ ಒತ್ತುತ್ತೀರಿ, ಅದೂ ಯೋಚಿಸದೆ. ಮ್ಯಾಚ್ ಮತ್ತು ಮ್ಯಾಚ್ ನಡುವೆ ನಿರ್ಧಾರ ಮಾಡಲು ಸಿಗುವುದು ಇಷ್ಟೇ ಸಮಯ, ಅದನ್ನೂ ಬೆರಳಿನ ಅಭ್ಯಾಸ ನುಂಗಿಬಿಡುತ್ತದೆ.

ಈ ಜಾಗದಲ್ಲಿ ಒಂದು ಅಡ್ಡಿ ಇಡಬೇಕು. ಎರಡನೇ ಗೆರೆ ಬಿದ್ದ ಮ್ಯಾಚ್ ಆದಮೇಲೆ ಸ್ಕೋರ್ ಪರದೆಯಲ್ಲೇ ಇಯರ್‌ಫೋನ್ ತೆಗೆಯಿರಿ. ಲಾಬಿಗೆ ಬರುವ ಮೊದಲೇ. ಕಿವಿಯಿಂದ ಗೆಳೆಯರ ದನಿ ಹೋದರೆ ಅರ್ಧ ಎಳೆತ ಹೋಯಿತು. ನಂತರ ಫೋನ್ ಬೋರಲು ಹಾಕಿ ಎದ್ದು ನಿಲ್ಲಿ.

ಇದು ಒಬ್ಬರೇ ಮಾಡುವುದಕ್ಕಿಂತ ಸ್ಕ್ವಾಡ್ ಸೇರಿ ಮಾಡಿದರೆ ಚೆನ್ನಾಗಿ ನಡೆಯುತ್ತದೆ. ಆಟ ಶುರುವಾಗುವ ಮೊದಲೇ ಹೇಳಿಬಿಡಿ: "ಎರಡು ಮ್ಯಾಚ್, ಆಮೇಲೆ ಹತ್ತು ನಿಮಿಷ ನೀರು ಬ್ರೇಕ್." ಮಧ್ಯದಲ್ಲಿ ಹೇಳಿದರೆ ಕೈಕೊಟ್ಟ ಹಾಗಾಗುತ್ತದೆ. ಮೊದಲೇ ಹೇಳಿದರೆ ಅದು ಪ್ಲಾನ್. ಎಷ್ಟೋ ಸಲ ಉಳಿದ ಮೂವರಿಗೂ ಅದೇ ಬೇಕಾಗಿರುತ್ತದೆ, ಮೊದಲು ಬಾಯಿ ಬಿಡುವವರು ಬೇಕು ಅಷ್ಟೇ.

ಹಂತ 4: ಆ ಹತ್ತು ನಿಮಿಷದಲ್ಲಿ ಏನು ಮಾಡುವುದು

ಗೇಮ್ ಬಿಟ್ಟು ರೀಲ್ಸ್ ನೋಡಿದರೆ ಅದು ಬ್ರೇಕ್ ಅಲ್ಲ. ಅದೇ ಪರದೆ, ಅದೇ ಬಗ್ಗಿದ ಕತ್ತು. ಫೋನ್ ಒಂದು ಕೋಣೆಯಲ್ಲಿ, ನೀವು ಇನ್ನೊಂದು ಕೋಣೆಯಲ್ಲಿ ಇರಬೇಕು.

ಕಣ್ಣಿಗೆ ಕಿಟಕಿ ಅಥವಾ ಟೆರೇಸ್. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದರಿಂದಲೇ ಉರಿ. ಕಣ್ಣಿನ ವೈದ್ಯರು ಹೇಳುವ 20-20-20 ಸೂತ್ರ ಹೀಗೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. ಮ್ಯಾಚ್ ನಡುವೆ ಇದು ಆಗುವುದಿಲ್ಲ. ಹಾಗಾಗಿ ಸತ್ತ ಮೇಲೆ ಗೆಳೆಯರ ಆಟ ನೋಡುವಾಗ (ಸ್ಪೆಕ್ಟೇಟ್), ಮ್ಯಾಚ್ ಲೋಡ್ ಆಗುವಾಗ ದೂರಕ್ಕೆ ನೋಡಿ.

ಕೈ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಾಲ್ಕು ಬೆರಳಿನ ಕ್ಲಾ ಹಿಡಿತದಲ್ಲಿ ಆಡುವವರು ತಮ್ಮ ಕೈಯನ್ನೇ ಒಮ್ಮೆ ಗಮನಿಸಲಿ. ತೋರುಬೆರಳು ಕೊಕ್ಕೆಯ ಹಾಗೆ ಬಗ್ಗಿ ಫೋನಿನ ಮೇಲಂಚಿನಲ್ಲಿ, ಹೆಬ್ಬೆರಳು ಕೆಳಗೆ, ಕಿರುಬೆರಳ ಮೇಲೆ ಫೋನಿನ ಭಾರ. ಅರ್ಧ ಗಂಟೆ ಹಾಗೇ. ಬ್ರೇಕ್‌ನಲ್ಲಿ ಬೆರಳುಗಳನ್ನು ಪೂರ್ತಿ ಅಗಲಿಸಿ, ಮುಷ್ಟಿ ಕಟ್ಟಿ ಬಿಡಿ, ಮಣಿಕಟ್ಟು ನಿಧಾನಕ್ಕೆ ತಿರುಗಿಸಿ. ಹೆಬ್ಬೆರಳ ಬುಡದ ನೋವು ಅಥವಾ ಜೋಮು ಕೆಲವು ದಿನ ಆಡದಿದ್ದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಕಿವಿಯನ್ನು ಎಲ್ಲರೂ ಮರೆಯುತ್ತಾರೆ. ಶತ್ರುವಿನ ಹೆಜ್ಜೆ ಸಪ್ಪಳ ಕೇಳಲಿ ಅಂತ ವಾಲ್ಯೂಮ್ ಏರಿಸುತ್ತೇವೆ, ಅದೇ ವಾಲ್ಯೂಮ್‌ನಲ್ಲಿ ಗುಂಡಿನ ಸದ್ದೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಹೆಚ್ಚಾದಷ್ಟೂ ಈ ಗಂಟೆ ಬೇಗ ಬೇಗ ಇಳಿಯುತ್ತದೆ. ಬ್ರೇಕ್‌ನಲ್ಲಿ ಕಿವಿಗೆ ಏನೂ ಬೇಡ, ಹಾಡೂ ಬೇಡ.

ನೀರು ಕುಡಿಯಿರಿ, ಬಾತ್‌ರೂಮಿಗೆ ಹೋಗಿ ಬನ್ನಿ, ಎರಡು ಸಲ ಮೆಟ್ಟಿಲು ಹತ್ತಿಳಿಯಿರಿ. ಅಷ್ಟು ಸಾಕು. ಗೇಮ್ ಮಾಡುವ ನಿಂಟೆಂಡೊ ಕಂಪನಿಯೇ ತನ್ನ ಸೂಚನೆಗಳಲ್ಲಿ, ಬೇಕು ಅನಿಸದಿದ್ದರೂ ಗಂಟೆಗೊಮ್ಮೆ 10ರಿಂದ 15 ನಿಮಿಷ ಬ್ರೇಕ್ ತೆಗೆದುಕೊಳ್ಳಿ ಅಂತ ಬರೆದಿದೆ. ಬೇಕು ಅನಿಸುವ ಹೊತ್ತಿಗೆ ಸುಸ್ತು ಆಗಲೇ ಬಂದಿರುತ್ತದೆ.

ಹಂತ 5: ಸೋಲಿಗೆ ಬೇರೆ ನಿಯಮ

ಸತತ ಎರಡು ಮ್ಯಾಚ್ ಕೆಟ್ಟದಾಗಿ ಹೋದರೆ ಆವತ್ತಿಗೆ ರ‍್ಯಾಂಕ್ ಪುಶ್ ನಿಲ್ಲಿಸಿ. ಮೂರನೆಯದನ್ನು ನಾವು ಆಡುವುದು ಗೆಲ್ಲಲು ಅಲ್ಲ, ಕಳೆದುಕೊಂಡ ಪಾಯಿಂಟ್ ವಾಪಸ್ ಪಡೆಯಲು. ಸುಮ್ಮನೆ ರಶ್ ಮಾಡುತ್ತೇವೆ, ಕವರ್ ಇಲ್ಲದೆ ಓಡುತ್ತೇವೆ, ಮೈಕಿನಲ್ಲಿ ಗೆಳೆಯನ ಮೇಲೆ ರೇಗುತ್ತೇವೆ. ಸ್ನೇಹ ಕೆಡುವುದು ಈ ಮೂರನೇ ಮ್ಯಾಚ್‌ನಲ್ಲೇ. ಹೊಸ ಸೀಸನ್ ಶುರುವಾದಾಗ ಗೇಮ್ ಹೇಗೂ ಎಲ್ಲರ ರ‍್ಯಾಂಕ್ ಕೆಳಗಿಳಿಸುತ್ತದೆ. ಇವತ್ತು ರಾತ್ರಿ ಹೋದ ಪಾಯಿಂಟ್‌ಗೆ ನಿದ್ದೆ ಕೊಡಬೇಕಾಗಿಲ್ಲ.

ಹಂತ 6: ಫೋನಿನ ಟೈಮರ್ ಹೊರಬೇಲಿಗೆ ಮಾತ್ರ

ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಪ್ರತಿ ಆ್ಯಪ್‌ಗೂ ದಿನದ ಮಿತಿ ಹಾಕಬಹುದು. ಸಮಯ ಮುಗಿದರೆ ಆ್ಯಪ್ ಮುಚ್ಚಿ, ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ನಿಮ್ಮ ಮ್ಯಾಚ್ ಲೆಕ್ಕಕ್ಕಿಂತ ಅರ್ಧ ಗಂಟೆ ಜಾಸ್ತಿ ಇಡಿ. ಇಲ್ಲದಿದ್ದರೆ ಮ್ಯಾಚ್ ನಡುವೆ ಕಡಿದುಹೋಗಿ, ಸಿಟ್ಟಿನಲ್ಲಿ ಟೈಮರನ್ನೇ ತೆಗೆದುಹಾಕುತ್ತೀರಿ.

ಒಂದು ತೂತು ಇದೆ, ಗೊತ್ತಿರಲಿ. ಈ ಟೈಮರ್ ಮಧ್ಯರಾತ್ರಿ ಹನ್ನೆರಡಕ್ಕೆ ಹೊಸದಾಗಿ ಶುರುವಾಗುತ್ತದೆ. ಹನ್ನೊಂದೂವರೆಗೆ ಮಿತಿ ಮುಗಿದವರಿಗೆ ಅರ್ಧ ಗಂಟೆ ಕಾದರೆ ಇಡೀ ದಿನದ ಕೋಟಾ ಮತ್ತೆ ಸಿಗುತ್ತದೆ! ಅದಕ್ಕೆ ಬೆಡ್‌ಟೈಮ್ ಮೋಡ್ ಕೂಡ ಸೇರಿಸಿ. ಪರದೆ ಕಪ್ಪು-ಬಿಳುಪಾದರೆ ಆಡುವ ಮಜಾ ಅರ್ಧ ಹೋಗುತ್ತದೆ. ಐಫೋನ್‌ನಲ್ಲಿ ಮಿತಿಯನ್ನು ಕಡೆಗಣಿಸುವ ಬಟನ್ ಅಲ್ಲೇ ಕಾಣುತ್ತದೆ. ಪಾಸ್‌ಕೋಡ್ ಇಟ್ಟು, ಅದು ಮನೆಯಲ್ಲಿ ಬೇರೆಯವರಿಗೆ ಮಾತ್ರ ಗೊತ್ತಿರುವಂತೆ ಮಾಡಿ.

ಗೇಮ್‌ನ ಸ್ವಂತ ಮಿತಿಯನ್ನು ನಂಬಿ ಕೂರಬೇಡಿ. 2023ರ ಮೇ ತಿಂಗಳಲ್ಲಿ ಸರ್ಕಾರದ ತಡೆ ತೆರವಾಗಿ ಬಿಜಿಎಂಐ ಮತ್ತೆ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಅಂತ ಮಿತಿ ಇಟ್ಟಿತ್ತು. ಆರು ಗಂಟೆ ಅಂದರೆ ಹನ್ನೆರಡು ಪೂರ್ತಿ ಮ್ಯಾಚ್. ಕೆಲಸ, ಓದು ಇರುವವರಿಗೆ ಅದು ಮಿತಿಯೇ ಅಲ್ಲ.

ಹಂತ 7: ವಾರ, ತಿಂಗಳ ದೊಡ್ಡ ಬ್ರೇಕ್

ಪರೀಕ್ಷೆ, ಹೊಸ ಕೆಲಸ, ಮನೆಯಲ್ಲಿ ಮಗು, ಅಥವಾ ಗೇಮ್ ಮೇಲೆ ಸುಮ್ನೆ ಬೇಜಾರು. ಕಾರಣ ಏನೇ ಇರಲಿ, ದಿನ ನೋಡಿ ಶುರು ಮಾಡಿ. ಪಾಸ್‌ಗೆ ದುಡ್ಡು ಕೊಟ್ಟು ಅರ್ಧಕ್ಕೆ ಬಿಟ್ಟರೆ ಮನಸ್ಸು ಅಲ್ಲೇ ಸುತ್ತುತ್ತದೆ. ಸೀಸನ್ ಅಥವಾ ಪಾಸ್ ಮುಗಿಯುವ ದಿನವೇ ಒಳ್ಳೆಯ ಮುಹೂರ್ತ. ಪರೀಕ್ಷೆ ಹತ್ತಿರ ಇದ್ದರೆ ಮಾತ್ರ ಕಾಯಬೇಡಿ.

ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಒಂದು ಕೆಲಸ ಕಡ್ಡಾಯ: ಗೆಸ್ಟ್ ಅಕೌಂಟ್‌ನಲ್ಲಿ ಆಡುತ್ತಿದ್ದರೆ ಅದನ್ನು ಗೂಗಲ್ ಅಥವಾ ಬೇರೆ ಖಾತೆಗೆ ಲಿಂಕ್ ಮಾಡಿ. ಇಲ್ಲದಿದ್ದರೆ ವರ್ಷಗಳ ಸ್ಕಿನ್, ಲೆವೆಲ್ ಎಲ್ಲ ಹೋಗಬಹುದು. ಅದು ಸುರಕ್ಷಿತವಾಗಿದೆ ಅಂತ ಗೊತ್ತಾದರೆ ಡಿಲೀಟ್ ಒತ್ತಲು ಕೈಯೂ ನಡುಗುವುದಿಲ್ಲ.

ಸ್ಕ್ವಾಡ್‌ಗೆ ತಾರೀಖು ಸಮೇತ ಹೇಳಿ: "ಮಾರ್ಚ್ ಕೊನೆವರೆಗೂ ಬರಲ್ಲ, ಇನ್ವೈಟ್ ಕಳಿಸ್ಬೇಡಿ." ಬರೀ "ಸ್ವಲ್ಪ ದಿನ" ಅಂದರೆ ನಾಲ್ಕನೇ ದಿನವೇ ಕರೆ ಬರುತ್ತದೆ. ಗೇಮ್‌ನ ಗ್ರೂಪ್ ಮ್ಯೂಟ್ ಮಾಡಿ. ಯೂಟ್ಯೂಬ್‌ನಲ್ಲಿ ಗೇಮಿಂಗ್ ಲೈವ್ ನೋಡುವುದನ್ನೂ ನಿಲ್ಲಿಸಿ. ಇನ್ನೊಬ್ಬರು ಕ್ಲಚ್ ಮಾಡುವುದನ್ನು (ಸೋಲುವ ಮ್ಯಾಚನ್ನು ಒಬ್ಬರೇ ಗೆಲ್ಲಿಸುವುದನ್ನು) ನೋಡುತ್ತಾ ಕೂತರೆ ಬೆರಳು ಸುಮ್ಮನಿರುವುದಿಲ್ಲ.

ಮೊದಲ ಕೆಲವು ದಿನ ಸಂಜೆ ಹೊತ್ತು ಕಷ್ಟ. ರಾತ್ರಿ ಒಂಬತ್ತಾದರೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತದೆ. ಆ ಹೊತ್ತಿಗೆ ಏನು ಅನ್ನುವುದು ಮೊದಲೇ ಗೊತ್ತಿರಬೇಕು. ಗೇಮ್ ನಿಮಗೆ ಏನು ಕೊಡುತ್ತಿತ್ತು ಅಂತ ಕೇಳಿಕೊಳ್ಳಿ. ಗೆಳೆಯರ ಜೊತೆಯಾ? ಹಾಗಿದ್ದರೆ ಅದೇ ನಾಲ್ವರನ್ನು ವಾರಕ್ಕೆರಡು ಸಲ ಶಟಲ್ ಆಡಲು ಕರೆಯಿರಿ. ಊರಲ್ಲಿ ಇಲ್ಲದವರ ಜೊತೆ ಅದೇ ಹೊತ್ತಿಗೆ ಫೋನಿನಲ್ಲಿ ಹರಟಿ. ದಿನಾ ಸ್ವಲ್ಪ ಸ್ವಲ್ಪ ಮೇಲೇರುವ ಖುಷಿಯಾ? ಜಿಮ್, ಓಟ, ಗಿಟಾರ್, ಯಾವುದರಲ್ಲಾದರೂ ಅದು ಸಿಗುತ್ತದೆ. ದಿನದ ಟೆನ್ಷನ್ ಇಳಿಸಲು ಆಡುತ್ತಿದ್ದರೆ ಮೊದಲ ವಾರ ಬೇಗ ಮಲಗಿಬಿಡಿ, ನಾಚಿಕೆ ಏನಿಲ್ಲ.

ಮನೆಯವರಿಗೆ ಎರಡು ಮಾತು

ಮ್ಯಾಚ್ ನಡುವೆ ಫೋನ್ ಕಿತ್ತುಕೊಳ್ಳಬೇಡಿ, ವೈಫೈ ಆಫ್ ಮಾಡಬೇಡಿ. ನಿಮಗದು ಬರೀ ಗೇಮ್, ಆದರೆ ಆ ಹುಡುಗ ಮೂವರು ಗೆಳೆಯರಿಗೆ ಕೈಕೊಟ್ಟಂತೆ ಆಗುತ್ತದೆ. ಆಮೇಲಿನ ಜಗಳ ಗೇಮ್ ಬಗ್ಗೆ ಇರುವುದೇ ಇಲ್ಲ. "ಈ ಮ್ಯಾಚ್ ಮುಗಿಯಲು ಎಷ್ಟು ಹೊತ್ತು?" ಅಂತ ಕೇಳಿ. ಉತ್ತರ ಬಂದ ಮೇಲೆ ಅಲ್ಲಿಯವರೆಗೆ ಕಾಯಿರಿ, ಮುಗಿದ ಕೂಡಲೇ ಅಲ್ಲಿ ಇರಿ. ಊಟಕ್ಕೆ ಕರೆಯುವುದನ್ನೂ ಅರ್ಧ ಗಂಟೆ ಮೊದಲೇ ಹೇಳಿ. ಚಿಕ್ಕ ಮಕ್ಕಳಿದ್ದರೆ ಅವರ ಫೋನ್ ಬಳಕೆಗೆ ಮಿತಿ ಹಾಕುವ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಒಮ್ಮೆ ಪಕ್ಕದಲ್ಲಿ ಕೂತು ಇಡೀ ಮ್ಯಾಚ್ ನೋಡಿ. ಯಾವಾಗ ನಿಲ್ಲಿಸಬಹುದು, ಯಾವಾಗ ಆಗುವುದಿಲ್ಲ ಅನ್ನುವುದು ಅಲ್ಲೇ ತಿಳಿಯುತ್ತದೆ.

ಬ್ರೇಕ್ ಹಿಡಿತಕ್ಕೇ ಸಿಗದಿದ್ದರೆ

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಯೂ ಇದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದು ಎಷ್ಟು ಗಂಟೆ ಆಡಿದಿರಿ ಅಂತ ಕೇಳುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆಲ್ಲದಕ್ಕಿಂತ ಗೇಮೇ ಮುಂದೆ ಬಂದಿದೆಯಾ, ತೊಂದರೆ ಆಗುತ್ತಿದ್ದರೂ ಮುಂದುವರಿದಿದೆಯಾ, ಇದರಿಂದ ಓದು, ಕೆಲಸ, ಮನೆ ಕೆಟ್ಟಿದೆಯಾ ಅಂತ ನೋಡುತ್ತದೆ. ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗಿರಬೇಕು. ರಜೆಯಲ್ಲಿ ಜಾಸ್ತಿ ಆಡಿದವರೆಲ್ಲ ರೋಗಿಗಳಲ್ಲ. ಆದರೆ ಮೇಲಿನ ಹಂತಗಳನ್ನು ಮನಸಾರೆ ಮಾಡಿಯೂ ಆಗುತ್ತಿಲ್ಲ ಅಂದರೆ ಒಬ್ಬರೇ ಒದ್ದಾಡಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಬೇರೆ ಊರಿನಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳಿಗೆ ಸಿಕ್ಕಿಕೊಂಡಿದ್ದರೆ ಇಲ್ಲಿ ಹೇಳಿದ ಮ್ಯಾಚ್ ಎಣಿಕೆ ಸಾಲದು. ಅಂಥ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ತಂದ ಕಾನೂನು ನಿಷೇಧಿಸಿದೆ. ಸಾಲ ಆಗಿದ್ದರೆ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ, ಆಮೇಲೆ ಆ ನಂಬರಿಗೆ ಕರೆ ಮಾಡಿ.

ಹಂತ 8: ವಾಪಸ್ ಬರುವಾಗ

ದೊಡ್ಡ ಬ್ರೇಕ್ ಮುಗಿಸಿ ಬರುವ ದಿನವನ್ನೂ ಆರಿಸಿಕೊಳ್ಳಿ. ದೊಡ್ಡ ಈವೆಂಟ್ ಶುರುವಾಗುವ ದಿನ ಬೇಡ. ಬಹುಮಾನದ ಸುರಿಮಳೆಯಲ್ಲಿ ಮೊದಲ ದಿನವೇ ಹಳೆಯ ಲೆಕ್ಕಕ್ಕೆ ಬಂದುಬಿಡುತ್ತೀರಿ. ಶನಿವಾರ ರಾತ್ರಿಗಿಂತ ಭಾನುವಾರ ಮಧ್ಯಾಹ್ನ ಒಳ್ಳೆಯದು, ಸಂಜೆಗೆ ಬೇರೆ ಕೆಲಸ ಇಟ್ಟುಕೊಂಡಿರಿ. ಅಪ್‌ಡೇಟ್ ಹಿಂದಿನ ದಿನವೇ ಡೌನ್‌ಲೋಡ್ ಆಗಿರಲಿ. ಗಂಟೆಗಟ್ಟಲೆ ಕಾದು ಆಡಿದರೆ ಎರಡು ಮ್ಯಾಚ್‌ಗೆ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ನೋಟಿಫಿಕೇಶನ್ ಆಫ್ ಇರಲಿ. ಅನ್‌ಇನ್‌ಸ್ಟಾಲ್ ಮಾಡಿದಾಗ ಹಳೆಯ ಟೈಮರ್ ಅಳಿಸಿಹೋಗಿರಬಹುದು, ಮತ್ತೆ ಹಾಕಿ.

ಮೊದಲ ವಾರ ರ‍್ಯಾಂಕ್ ಮುಟ್ಟಬೇಡಿ. ಟ್ರೈನಿಂಗ್ ಗ್ರೌಂಡ್, ಟಿಡಿಎಂ, ಅನ್‌ರ‍್ಯಾಂಕ್ಡ್ ಸಾಕು. ಕೈ ತಪ್ಪಿರುತ್ತದೆ, ಏಮ್ ಅಲ್ಲಾಡುತ್ತದೆ, ಅದು ಸಹಜ. ಸ್ಕ್ವಾಡ್‌ಗೂ ಮೊದಲೇ ಹೇಳಿ, "ಈ ವಾರ ನಾನು ಬರೀ ಎರಡು ಮ್ಯಾಚ್" ಅಂತ. ಚೀಟಿ, ಪೆನ್ನು ಮರೆಯದೆ ಟೇಬಲ್ ಮೇಲಿಟ್ಟು ಆಮೇಲೆ ಸ್ಟಾರ್ಟ್ ಒತ್ತಿ.